ಇಪ್ಪತ್ತು ವರ್ಷಕ್ಕೆ ಪಡೆ ಬಿಟ್ಟು ಬಂದರೆ ಪಿಂಚಣಿ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬಿಎಸ್‌ಎಫ್, ಸಿಆರ್‌ಪಿಎಫ್, ಐಟಿಬಿಪಿ, ಸಿಐಎಸ್‌ಎಫ್, ಎಸ್‌ಎಸ್‌ಬಿ ಈ ಐದು ಕೇಂದ್ರ ಪೊಲೀಸ್ ಪಡೆಗಳಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಕಡೆಯ ಹುಡುಗರು ಊರೂರಿಗೂ ಇದ್ದಾರೆ. ನಾನೂ ಅಂಥ ಒಂದು ಪಡೆಯಲ್ಲಿದ್ದವನು. ಸೇವೆಯ ಬಹುಪಾಲು ಕಳೆದದ್ದು ಬೆಟಾಲಿಯನ್ ಕಚೇರಿಯಲ್ಲಿ, ಸಂಬಳ ಮತ್ತು ಪಿಂಚಣಿ ಕಾಗದಗಳ ನಡುವೆ. ಊರಿಗೆ ಬಂದ ಮೇಲೂ ಆ ಕಾಗದಗಳು ನನ್ನನ್ನು ಬಿಟ್ಟಿಲ್ಲ. ರಜೆಗೆ ಬಂದ ಜವಾನರು, ಅವರ ಮನೆಯವರು ವಾರಕ್ಕೊಬ್ಬರಾದರೂ ಬಾಗಿಲಿಗೆ ಬರುತ್ತಾರೆ. ಅವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಇಟ್ಟಿದ್ದೇನೆ.

"ಸರ, ಇಪ್ಪತ್ತ ವರ್ಷ ಆತು. ಈಗ ಬಂದ್ರ ಪೆನ್ಶನ್ ಎಷ್ಟ ಬರ್ತದ?"

ಇದಕ್ಕೆ ನಾನು ಯಾವತ್ತೂ ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: ಯಾವ ತಾರೀಖಿಗೆ ಭರ್ತಿ ಆದೆ?

2004ರ ಜನವರಿ 1ಕ್ಕೆ ಮುಂಚೆ ಸೇರಿದವರಿಗೆ ಹಳೆಯ ಪಿಂಚಣಿ. ಅಂದರೆ ಸರ್ಕಾರವೇ ಪ್ರತಿ ತಿಂಗಳು ಕೊಡುವ, ತುಟ್ಟಿಪರಿಹಾರ ಏರಿದಂತೆ ಏರುವ, ಸತ್ತ ಮೇಲೆ ಹೆಂಡತಿಗೆ ಮುಂದುವರಿಯುವ ಪಿಂಚಣಿ. ಆ ದಿನ ಅಥವಾ ಅದರ ನಂತರ ಸೇರಿದವರಿಗೆ ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. ಅದರಲ್ಲಿ ನಿಮ್ಮ ಸಂಬಳದಿಂದ ಕಡಿದ ಹಣ ಮತ್ತು ಸರ್ಕಾರ ಹಾಕಿದ ಹಣ ಸೇರಿ ಎಷ್ಟು ಬೆಳೆದಿದೆಯೋ ಅಷ್ಟೇ ನಿಮ್ಮ ಗಂಟು.

ಈಗ ಲೆಕ್ಕ ಹಾಕಿ. ಇವತ್ತು ಸರಿಯಾಗಿ ಇಪ್ಪತ್ತು ವರ್ಷ ಮುಗಿಸುತ್ತಿರುವವನು 2004ರ ಈಚೆಗೇ ಸೇರಿದವನು. ಊರಲ್ಲಿ ಕಟ್ಟೆಯ ಮೇಲೆ ಕೂತು "ಇಪ್ಪತ್ತ ವರ್ಷ ತುಂಬಿಸಿ ಬಾ, ಅರ್ಧ ಪಗಾರ ಮನೀಗ ಬರ್ತದ" ಅನ್ನುವ ಹಿರಿಯರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಹಾಗೇ ಬಂದಿದೆ. ಆದರೆ ಅವರ ಕಾಲದ ನಿಯಮ ನಿಮಗಿಲ್ಲ. ಈ ಒಂದು ಮಾತು ತಿಳಿಯದೆ ಕಾಗದ ಹಾಕಿದ ಎಷ್ಟೋ ಮಂದಿಯನ್ನು ನೋಡಿದ್ದೇನೆ. ಮೊದಲ ತಿಂಗಳ ಎಸ್‌ಎಂಎಸ್ ಬಂದಾಗ ಅವರ ಮುಖ ಏನಾಯಿತು ಅನ್ನುವುದೂ ಗೊತ್ತು.

2003ರಲ್ಲಿ ಪರೀಕ್ಷೆ ಬರೆದು 2004ರಲ್ಲಿ ಸೇರಿದೆ. ನಾನು ಯಾವ ಕಡೆ?

ನಿಮ್ಮ ಹುದ್ದೆಯ ಜಾಹೀರಾತು 2003ರ ಡಿಸೆಂಬರ್ 22ಕ್ಕಿಂತ ಮೊದಲು ಹೊರಟಿದ್ದರೆ ಹಳೆಯ ಪಿಂಚಣಿ ಆರಿಸಿಕೊಳ್ಳಲು ಕೇಂದ್ರ ಸರ್ಕಾರ 2023ರ ಮಾರ್ಚ್ 3ರ ಆದೇಶದಲ್ಲಿ ಒಂದೇ ಒಂದು ಸಲ ಅವಕಾಶ ಕೊಟ್ಟಿತ್ತು. ಆಯ್ಕೆಪತ್ರ ಕೊಡಲು ಕೊನೆಯ ದಿನ 2023ರ ಆಗಸ್ಟ್ 31. ಆಗ ಕೊಟ್ಟಿದ್ದರೆ ಅದಕ್ಕೆ ಬಂದ ಆದೇಶ ಸರ್ವಿಸ್ ಬುಕ್‌ನಲ್ಲಿ ಅಂಟಿದೆಯೇ ಎಂದು ಕಣ್ಣಾರೆ ನೋಡಿ. ಯಾರೋ "ಆಗೇದ" ಅಂದದ್ದನ್ನು ನಂಬಿ ವಿಆರ್‌ಎಸ್ (ಸ್ವಯಂ ನಿವೃತ್ತಿ) ಹಾಕಬೇಡಿ.

ಕೋರ್ಟು ನಮಗೆಲ್ಲ ಹಳೇ ಪಿಂಚಣಿ ಕೊಡಿ ಅಂದಿದೆಯಲ್ಲ?

ದೆಹಲಿ ಹೈಕೋರ್ಟ್ 2023ರ ಜನವರಿ 11ರಂದು ಹಾಗೆ ಹೇಳಿತು. ಈ ಪಡೆಗಳೂ ದೇಶದ ಸಶಸ್ತ್ರ ಪಡೆಗಳೇ, ಹಾಗಾಗಿ ಇವರಿಗೆ ಎನ್‌ಪಿಎಸ್ ಅನ್ವಯಿಸಬಾರದು ಎಂದಿತು. ಆ ದಿನ ಬ್ಯಾರಕ್‌ಗಳಲ್ಲಿ ಸಿಹಿ ಹಂಚಿದರು. ಆದರೆ ಕೇಂದ್ರ ಸರ್ಕಾರ ಮೇಲ್ಮನವಿ ಹೋಗಿ, ಅದೇ ವರ್ಷ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಗಡಿಯಲ್ಲಿ, ಕಾಡಿನಲ್ಲಿ ಗುಂಡಿಗೆ ಎದೆ ಕೊಡುವವರಿಗೆ ನಿಶ್ಚಿತ ಪಿಂಚಣಿ ಸಿಗಲೇಬೇಕು, ಅದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಮನೆಯ ಲೆಕ್ಕವನ್ನು ತಡೆಯಾಜ್ಞೆ ಬಿದ್ದ ತೀರ್ಪಿನ ಮೇಲೆ ಕಟ್ಟಬೇಡಿ.

ವಿಆರ್‌ಎಸ್ ಬೇರೆ, ರಾಜೀನಾಮೆ ಬೇರೆಯೇ? ಎರಡರಲ್ಲೂ ನೌಕರಿ ಬಿಡುವುದೇ ಅಲ್ಲವೇ?

ಅಲ್ಲ. ಈ ಪುಟದಲ್ಲಿ ಬೇರೇನೂ ಓದದಿದ್ದರೂ ಇದಿಷ್ಟನ್ನು ಓದಿ.

ಒಂದು ದಿನ ಸಂಜೆ ಒಬ್ಬ ಹವಾಲ್ದಾರ ತನ್ನ ಅರ್ಜಿಯ ಕರಡು ತಂದು ತೋರಿಸಿದ. ನೀಲಿ ಶಾಯಿಯಲ್ಲಿ, ದುಂಡಗೆ, ಹಿಂದಿಯಲ್ಲಿ ಬರೆದಿದ್ದ. ವಿಷಯ ಎಂದಿದ್ದ ಕಡೆ "ತ್ಯಾಗಪತ್ರ" ಎಂದಿತ್ತು. ಏನಪ್ಪ ಇದು ಅಂದೆ. "ನೌಕರಿ ಬಿಡೂದಕ್ಕ ಹಿಂದಿಯೊಳಗ ಹಂಗ ಅಂತಾರಲ್ರಿ ಸರ, ಗೆಳೆಯಾ ಬರದ ಕೊಟ್ಟ" ಅಂದ. ಸೇವೆ ಇಪ್ಪತ್ತೆರಡು ವರ್ಷ. ತ್ಯಾಗಪತ್ರ ಅಂದರೆ ರಾಜೀನಾಮೆ. ರಾಜೀನಾಮೆ ಅಂಗೀಕಾರವಾದರೆ ಕೇಂದ್ರದ ಪಿಂಚಣಿ ನಿಯಮಗಳ 26ನೇ ನಿಯಮದ ಪ್ರಕಾರ ಹಿಂದಿನ ಸೇವೆಯೆಲ್ಲ ಮುಟ್ಟುಗೋಲು. ಪಿಂಚಣಿಯೂ ಇಲ್ಲ, ಗ್ರಾಚ್ಯುಟಿಯೂ ಇಲ್ಲ. ಅವನು ಬರೆಯಬೇಕಿದ್ದದ್ದು "ಸ್ವೈಚ್ಛಿಕ ಸೇವಾನಿವೃತ್ತಿ". ಹಾಳೆ ಹರಿದು ಹೊಸದಾಗಿ ಬರೆಸಿದೆ. ಆ ಹಾಳೆ ಹಾಗೇ ಹೋಗಿದ್ದರೆ?

ಹಾಗೆ ಹೋದವರೂ ಇದ್ದಾರೆ. 1995ರ ಡಿಸೆಂಬರ್‌ನಲ್ಲಿ ಹೊರಟ ಒಂದು ಸುತ್ತೋಲೆಯನ್ನು ನಂಬಿ, ಹತ್ತು ವರ್ಷ ಸೇವೆಯಾದ ಮೇಲೆ ಬಿಎಸ್‌ಎಫ್‌ನ 19ನೇ ನಿಯಮದಡಿ ರಾಜೀನಾಮೆ ಕೊಟ್ಟರೂ ಪಿಂಚಣಿ ಸಿಗುತ್ತದೆ ಎಂದುಕೊಂಡು ಅನೇಕ ಜವಾನರು ಮನೆಗೆ ಬಂದರು. ವಿಷಯ ಕೋರ್ಟು ಹತ್ತಿತು. ಆ ನಿಯಮ ರಾಜೀನಾಮೆಗೆ ದಾರಿ ಮಾಡಿಕೊಡುತ್ತದೆಯೇ ಹೊರತು ಪಿಂಚಣಿಯ ಹಕ್ಕನ್ನು ಕೊಡುವುದಿಲ್ಲ, ಪಿಂಚಣಿ ಬೇಕಿದ್ದರೆ ಪಿಂಚಣಿ ನಿಯಮಗಳಲ್ಲೇ ಅರ್ಹತೆ ಇರಬೇಕು ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು, 2006ರಲ್ಲಿ ಮತ್ತೆ ಅದನ್ನೇ ಎತ್ತಿಹಿಡಿಯಿತು. ಇಲಾಖೆಯ ಕಾಗದವನ್ನೇ ನಂಬಿದ್ದ ಜನ ಅವರು. ಹತ್ತು ಹನ್ನೆರಡು ವರ್ಷ ದುಡಿದವರ ಕೈ ಬರಿದಾಯಿತು.

ಹತ್ತು ವರ್ಷದ ಮಾತು ಹುಟ್ಟಿದ್ದಕ್ಕೆ ಕಾರಣವಿದೆ. ವಯಸ್ಸಾಗಿ ನಿವೃತ್ತಿಯಾಗುವಾಗ ಹಳೆಯ ಪಿಂಚಣಿಗೆ ಹತ್ತು ವರ್ಷ ಅರ್ಹ ಸೇವೆ ಸಾಕು. ಅದು ನಿವೃತ್ತಿಯ ವಯಸ್ಸು ಮುಟ್ಟಿದವರಿಗೆ. ತಾನಾಗಿ ಬಿಟ್ಟು ಬರುವವರಿಗೆ ಬೇಕಾದದ್ದು ಇಪ್ಪತ್ತು.

ಇಪ್ಪತ್ತು ವರ್ಷ ಹೇಗೆ ಎಣಿಸುತ್ತಾರೆ?

"ಅರ್ಹ ಸೇವೆ" ಎಂಬ ಮಾತಿನ ತೂಕ ಇಲ್ಲಿದೆ. ತರಬೇತಿಯ ದಿನಗಳು ಸೇರುತ್ತವೆ. ವೈದ್ಯಕೀಯ ಪ್ರಮಾಣಪತ್ರವಿಲ್ಲದೆ ಹೋದ ಸಂಬಳರಹಿತ ರಜೆ ಸಾಮಾನ್ಯವಾಗಿ ಸೇರುವುದಿಲ್ಲ. ರಜೆ ಮುಗಿದ ಮೇಲೂ ಊರಲ್ಲೇ ಉಳಿದ ದಿನಗಳನ್ನು, ಪಡೆಯ ಭಾಷೆಯಲ್ಲಿ ಓಎಸ್‌ಎಲ್, "ಡೈಸ್ ನಾನ್" (ಸೇವೆಗೆ ಲೆಕ್ಕವಿಲ್ಲದ ದಿನ) ಎಂದು ಬರೆದಿದ್ದರೆ ಅವೂ ಹೋದವು. ತಂಗಿಯ ಮದುವೆಗೆ ಬಂದು ಹದಿನೈದು ದಿನ ಹೆಚ್ಚು ನಿಂತದ್ದನ್ನು ನೀವು ಮರೆತಿರಬಹುದು, ಸರ್ವಿಸ್ ಬುಕ್ ಮರೆಯುವುದಿಲ್ಲ.

ಹದಿನೆಂಟು ವರ್ಷ ಮುಗಿದ ಮೇಲೆ ಇಲಾಖೆ ನಿಮ್ಮ ಸೇವೆಯನ್ನು ಪರಿಶೀಲಿಸಿ ಅರ್ಹ ಸೇವೆ ಇಷ್ಟು ಎಂದು ಪ್ರಮಾಣಪತ್ರ ಕೊಡಬೇಕು. ಎಷ್ಟೋ ಮಂದಿ ಇದನ್ನು ಕೇಳುವುದೇ ಇಲ್ಲ. ಕೇಳಿ, ಬರವಣಿಗೆಯಲ್ಲಿ ಕೇಳಿ. ಇಪ್ಪತ್ತಕ್ಕೆ ನಾಲ್ಕು ದಿನ ಕಡಿಮೆ ಇದೆ ಎಂದು ನೋಟಿಸ್ ಕೊಟ್ಟ ಮೇಲೆ ತಿಳಿಯುವುದಕ್ಕಿಂತ ಎರಡು ವರ್ಷ ಮುಂಚೆ ತಿಳಿಯುವುದು ವಾಸಿ.

ನೋಟಿಸ್ ಕೊಡುವುದು ಹೇಗೆ? ಕೊಟ್ಟ ಮೇಲೆ ಮನಸ್ಸು ಬದಲಾದರೆ?

ನೇಮಕಾತಿ ಅಧಿಕಾರಿಗೆ ಲಿಖಿತವಾಗಿ ಕನಿಷ್ಠ ಮೂರು ತಿಂಗಳು ಮುಂಚೆ. ಹಳೆಯ ಪಿಂಚಣಿಯವರಿಗೆ 1972ರ ನಿಯಮಗಳಲ್ಲಿ ಇದು 48-ಎ ಆಗಿತ್ತು, 2021ರ ಹೊಸ ನಿಯಮಗಳಲ್ಲಿ 43. ಹಿರಿಯ ಗುಮಾಸ್ತರು ಈಗಲೂ "ಫಾರ್ಟಿ ಎಯ್ಟ್ ಎ" ಎಂದೇ ಅನ್ನುತ್ತಾರೆ. ಗಡುವು ಮುಗಿಯುವುದರೊಳಗೆ ಅಧಿಕಾರಿ ನಿರಾಕರಿಸದಿದ್ದರೆ ನಿವೃತ್ತಿ ತಾನಾಗಿಯೇ ಜಾರಿಗೆ ಬರುತ್ತದೆ ಎಂದು ನಿಯಮವಿದೆ. ಹಾಗಂತ ಮೂರು ತಿಂಗಳು ಮುಗಿದ ಮಾರನೇ ದಿನ ಟ್ರಂಕು ಹೊತ್ತು ರೈಲು ಹತ್ತಬೇಡಿ. ಬಿಡುಗಡೆ ಆದೇಶ ಕೈಗೆ ಬರಲಿ. ಅದಿಲ್ಲದೆ ಹೊರಟರೆ ಗೈರುಹಾಜರಿ, ಪಲಾಯನ ಎಂಬ ಬೇರೆಯೇ ತಲೆನೋವು ಶುರು.

ಮನಸ್ಸು ಬದಲಾದರೆ ನಿವೃತ್ತಿಯ ದಿನಕ್ಕೆ ಮುಂಚೆ ವಾಪಸ್ ಪಡೆಯಲು ಕೋರಬಹುದು, ಅದಕ್ಕೆ ಅಧಿಕಾರಿಯ ಒಪ್ಪಿಗೆ ಬೇಕು. ಅಮಾನತಿನಲ್ಲಿದ್ದವರಿಗೆ, ಇಲಾಖಾ ವಿಚಾರಣೆ ನಡೆಯುತ್ತಿರುವವರಿಗೆ ವಿಆರ್‌ಎಸ್ ನಿರಾಕರಿಸುವ ಅಧಿಕಾರ ಇಲಾಖೆಗಿದೆ.

ಹಳೆಯ ಪಿಂಚಣಿಯವನಿಗೆ ಕೈಗೆ ಎಷ್ಟು ಬರುತ್ತದೆ? ಒಂದು ಲೆಕ್ಕ ತೋರಿಸಿ.

2003ರಲ್ಲಿ ಹದಿನೆಂಟು ತುಂಬುತ್ತಲೇ ಸೇರಿದ ಒಬ್ಬ ಹೆಡ್ ಕಾನ್‌ಸ್ಟೆಬಲ್ ಎಂದಿಟ್ಟುಕೊಳ್ಳೋಣ. ಅರ್ಹ ಸೇವೆ 22 ವರ್ಷ, ವಯಸ್ಸು 40, ಕೊನೆಯ ಮೂಲವೇತನ ₹40,400.

ಪಿಂಚಣಿ ಮೂಲವೇತನದ ಅರ್ಧ, ₹20,200. ಮೊದಲು ಪೂರ್ತಿ ಪಿಂಚಣಿಗೆ 33 ವರ್ಷ ಬೇಕಿತ್ತು. ಆರನೇ ವೇತನ ಆಯೋಗದ ನಂತರ ಆ ಕಟ್ಟು ಹೋಯಿತು, ಅದರ ಜೊತೆಗೆ ವಿಆರ್‌ಎಸ್‌ನವರಿಗೆ ಐದು ವರ್ಷದವರೆಗೆ ಸೇರಿಸುತ್ತಿದ್ದ "ವೇಟೇಜ್" ಕೂಡ ಹೋಯಿತು. ₹20,200ರ ಮೇಲೆ ಆಗ ಜಾರಿಯಲ್ಲಿರುವ ತುಟ್ಟಿಪರಿಹಾರ ಬೇರೆ.

ಬೇಕಿದ್ದರೆ ಪಿಂಚಣಿಯ 40 ಶೇಕಡಾವರೆಗೆ ಮಾರಬಹುದು, ಕಮ್ಯುಟೇಶನ್ ಅನ್ನುತ್ತಾರೆ. ಇಲ್ಲಿ ₹8,080. ಮುಂದಿನ ಹುಟ್ಟುಹಬ್ಬಕ್ಕೆ 41 ಆಗುವವನಿಗೆ ಗುಣಕ 9.075. 8,080 × 12 × 9.075 ಅಂದರೆ ₹8,79,912 ಒಂದೇ ಗಂಟಿನಲ್ಲಿ ಬರುತ್ತದೆ. ತಿಂಗಳ ಮೂಲಪಿಂಚಣಿ ₹12,120ಕ್ಕೆ ಇಳಿಯುತ್ತದೆ, ಆದರೆ ತುಟ್ಟಿಪರಿಹಾರವನ್ನು ಪೂರ್ತಿ ₹20,200ರ ಮೇಲೇ ಕೊಡುತ್ತಾರೆ. ಹದಿನೈದು ವರ್ಷದ ನಂತರ ಮಾರಿದ ಭಾಗ ಮತ್ತೆ ಕೂಡುತ್ತದೆ. ನಿವೃತ್ತಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ವೈದ್ಯಕೀಯ ಪರೀಕ್ಷೆ ಬೇಡ.

ಗ್ರಾಚ್ಯುಟಿಗೆ ಪ್ರತಿ ಆರು ತಿಂಗಳ ಸೇವೆಗೆ ಕಾಲು ತಿಂಗಳ ಸಂಬಳ. 22 ವರ್ಷಕ್ಕೆ 44 ಅರ್ಧವರ್ಷ, ಅಂದರೆ 11 ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆ. ಗರಿಷ್ಠ ಮಿತಿ 2024ರ ಜನವರಿ 1ರಿಂದ ₹25 ಲಕ್ಷ. ಉಳಿಸಿಕೊಂಡ ಗಳಿಕೆ ರಜೆಗೆ 300 ದಿನದವರೆಗೆ ನಗದು. ಜಿಪಿಎಫ್ (ಭವಿಷ್ಯ ನಿಧಿ) ಮತ್ತು ಗುಂಪು ವಿಮೆಯ ಉಳಿತಾಯ ಬೇರೆ. ಕಮ್ಯುಟೇಶನ್, ಗ್ರಾಚ್ಯುಟಿ, ನಿವೃತ್ತಿಯಾಗುವಾಗ ಬರುವ ರಜೆಯ ನಗದು, ಈ ಮೂರಕ್ಕೂ ಸರ್ಕಾರಿ ನೌಕರರಿಗೆ ಆದಾಯ ತೆರಿಗೆ ಇಲ್ಲ. ತಿಂಗಳ ಪಿಂಚಣಿಗೆ ಮಾತ್ರ ಸಂಬಳದಂತೆಯೇ ತೆರಿಗೆ.

ಕಮ್ಯುಟೇಶನ್ ಮಾಡಿಸಲೋ ಬೇಡವೋ?

ನಾಲ್ವತ್ತಕ್ಕೆ ಬರುವವನಿಗೆ ಮಕ್ಕಳು ಶಾಲೆಯಲ್ಲಿರುತ್ತಾರೆ, ಮನೆಗೆ ಅರ್ಧ ಗೋಡೆ ಎದ್ದಿರುತ್ತದೆ. ಸಾಲ ತೀರಿಸಲು, ಬೋರು ಹಾಕಿಸಲು, ಬರುವ ಹಣಕ್ಕೆ ಒಂದು ಕೆಲಸ ಗೊತ್ತಿದ್ದರೆ ಮಾಡಿಸಿ. ಭಾವನ ಮಾತು ಕೇಳಿ ಸೈಟು ವ್ಯವಹಾರಕ್ಕೆ ಹಾಕಲು ಮಾತ್ರ ಬೇಡ. ಎಂಟು ಲಕ್ಷ ಆರು ತಿಂಗಳಲ್ಲಿ ಕರಗಿದ್ದನ್ನು ನಮ್ಮ ಓಣಿಯಲ್ಲೇ ಕಂಡಿದ್ದೇನೆ. ಆಮೇಲೆ ಹದಿನೈದು ವರ್ಷ ಆ ಮನೆ ಇಳಿದ ಪಿಂಚಣಿಯಲ್ಲೇ ನಡೆಯಬೇಕು.

ನಾನು ಎನ್‌ಪಿಎಸ್. ಇಪ್ಪತ್ತು ವರ್ಷಕ್ಕೆ ವಿಆರ್‌ಎಸ್ ಇದೆಯೇ?

ಇದೆ. 2021ರ ಎನ್‌ಪಿಎಸ್ ಜಾರಿ ನಿಯಮಗಳ 12ನೇ ನಿಯಮದಲ್ಲಿ ಇಪ್ಪತ್ತು ವರ್ಷ ಮತ್ತು ಮೂರು ತಿಂಗಳ ನೋಟಿಸ್. ಹೀಗೆ ಬಂದರೆ ವಯಸ್ಸಾಗಿ ನಿವೃತ್ತರಾದವರಿಗೆ ಸಿಗುವ ಹಂಚಿಕೆಯೇ ನಿಮಗೂ. ನಿಧಿಯ 60 ಶೇಕಡಾವರೆಗೆ ಕೈಗೆ, ಕನಿಷ್ಠ 40 ಶೇಕಡಾ ಆನ್ಯುಟಿ ಕೊಳ್ಳಲು, ಅಂದರೆ ವಿಮಾ ಕಂಪನಿಗೆ ಹಣ ಕಟ್ಟಿ ತಿಂಗಳ ಪಿಂಚಣಿ ಪಡೆಯಲು. ರಾಜೀನಾಮೆ ಕೊಟ್ಟರೆ ಉಲ್ಟಾ: ಕೈಗೆ 20, ಆನ್ಯುಟಿಗೆ 80. ಇಲ್ಲೂ ಒಂದು ಪದ ಎಷ್ಟು ಬೆಲೆಬಾಳುತ್ತದೆ ನೋಡಿ.

ನಿಧಿ 30 ಲಕ್ಷ ಇದೆ ಎಂದುಕೊಳ್ಳಿ. ವಿಆರ್‌ಎಸ್ ಆದರೆ 18 ಲಕ್ಷ ಕೈಗೆ, 12 ಲಕ್ಷಕ್ಕೆ ಆನ್ಯುಟಿ. ವರ್ಷಕ್ಕೆ 6 ಶೇಕಡಾ ಸಿಕ್ಕಿತೆಂದರೆ ತಿಂಗಳಿಗೆ ₹6,000. ಇದು ಇವತ್ತೂ ₹6,000, ಇನ್ನು ಇಪ್ಪತ್ತು ವರ್ಷಕ್ಕೂ ₹6,000. ತುಟ್ಟಿಪರಿಹಾರ ಇಲ್ಲ, ಹೊಸ ವೇತನ ಆಯೋಗ ಬಂದರೂ ಪರಿಷ್ಕರಣೆ ಇಲ್ಲ. ನಲವತ್ತರ ಗಂಡಸಿಗೆ ಇದರ ಮೇಲೆ ಸಂಸಾರ ಸಾಗುವುದಿಲ್ಲ. ಬೇರೆ ದುಡಿಮೆ ಗೊತ್ತುಮಾಡಿಕೊಳ್ಳದೆ ಎನ್‌ಪಿಎಸ್‌ನವರು ವಿಆರ್‌ಎಸ್ ಹಾಕಬಾರದು ಎಂದು ನಾನು ಮುಖಕ್ಕೆ ಮುಖ ಹೇಳುತ್ತೇನೆ. ಕೆಲವರು ಬೇಜಾರು ಮಾಡಿಕೊಂಡು ಎದ್ದು ಹೋಗಿದ್ದೂ ಉಂಟು.

ಗ್ರಾಚ್ಯುಟಿ ಮತ್ತು ರಜೆಯ ನಗದು ಮಾತ್ರ ಎನ್‌ಪಿಎಸ್‌ನವರಿಗೂ ಹಳಬರಂತೆಯೇ ಸಿಗುತ್ತದೆ. ನಿಧಿಯನ್ನು ತಕ್ಷಣ ತೆಗೆಯಲೇಬೇಕೆಂದಿಲ್ಲ, ಬೆಳೆಯಲು ಬಿಡಬಹುದು.

ಯುಪಿಎಸ್ ಆರಿಸಿಕೊಂಡಿದ್ದೇನೆ. ನನಗೆ ಅರ್ಧ ಪಗಾರ ಖಾತ್ರಿ ಅಲ್ಲವೇ?

2025ರ ಏಪ್ರಿಲ್ 1ರಿಂದ ಬಂದ ಯುಪಿಎಸ್‌ನಲ್ಲಿ (ಏಕೀಕೃತ ಪಿಂಚಣಿ ಯೋಜನೆ) 25 ವರ್ಷ ಸೇವೆ ಮಾಡಿದವರಿಗೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲವೇತನದ 50 ಶೇಕಡಾ ಖಾತ್ರಿ, ಮೇಲೆ ತುಟ್ಟಿಪರಿಹಾರ. ಇಪ್ಪತ್ತು ವರ್ಷಕ್ಕೆ ವಿಆರ್‌ಎಸ್ ತೆಗೆದುಕೊಳ್ಳಬಹುದು, ಆಗ ಇಪ್ಪತ್ತೈದರಲ್ಲಿ ಇಪ್ಪತ್ತು ಪಾಲು.

ಆದರೆ ಆ ಪಿಂಚಣಿ ಶುರುವಾಗುವುದು ನೀವು ಮನೆಗೆ ಬಂದ ದಿನದಿಂದ ಅಲ್ಲ. ಸೇವೆಯಲ್ಲೇ ಇದ್ದಿದ್ದರೆ ಯಾವತ್ತು ನಿವೃತ್ತಿಯಾಗುತ್ತಿದ್ದಿರೋ ಆ ದಿನದಿಂದ. ಈ ಪಡೆಗಳಲ್ಲಿ ಈಗ ಎಲ್ಲ ದರ್ಜೆಗೂ ನಿವೃತ್ತಿ 60ಕ್ಕೆ. ಬಿಎಸ್‌ಎಫ್, ಸಿಆರ್‌ಪಿಎಫ್, ಐಟಿಬಿಪಿ, ಎಸ್‌ಎಸ್‌ಬಿಯಲ್ಲಿ ಕಮಾಂಡೆಂಟ್ ದರ್ಜೆಯವರೆಗೆ 57 ಇದ್ದದ್ದನ್ನು 2019ರಲ್ಲಿ ಹೈಕೋರ್ಟ್ ತೀರ್ಪಿನ ನಂತರ 60ಕ್ಕೆ ಸಮ ಮಾಡಿದರು. ಹಾಗಾಗಿ ನಲವತ್ತಕ್ಕೆ ಬಂದವನು ಖಾತ್ರಿ ಪಿಂಚಣಿಗೆ ಇಪ್ಪತ್ತು ವರ್ಷ ಕಾಯಬೇಕು. ಮಗಳ ಮದುವೆ, ಮಗನ ಕಾಲೇಜು ಎಲ್ಲ ಆ ಇಪ್ಪತ್ತು ವರ್ಷದೊಳಗೇ ಬರುವಂಥವು. ಯುಪಿಎಸ್ ಕೆಟ್ಟದ್ದಲ್ಲ, ಪೂರ್ತಿ ಸೇವೆ ಮಾಡುವವನಿಗೆ ಒಳ್ಳೆಯದೇ. ಬೇಗ ಬರುವವನಿಗೆ ಮಾತ್ರ ಅದು ದೂರದ ಕೆರೆ.

ಗಾಯವಾಗಿದೆ, ಡ್ಯೂಟಿ ಮಾಡಲು ಆಗುತ್ತಿಲ್ಲ. ವಿಆರ್‌ಎಸ್ ಹಾಕಲೇ?

ಹಾಕಬೇಡಿ, ತಡೆಯಿರಿ. ಕರ್ತವ್ಯದಲ್ಲಿ ಆದ ಗಾಯ ಅಥವಾ ಕಾಯಿಲೆಯಿಂದ ವೈದ್ಯಕೀಯ ಮಂಡಳಿ ನಿಮ್ಮನ್ನು ಸೇವೆಗೆ ಅಯೋಗ್ಯ ಎಂದು ಹೊರಹಾಕಿದರೆ ಅಸಾಧಾರಣ ಪಿಂಚಣಿ ನಿಯಮಗಳಡಿ ಅಂಗವೈಕಲ್ಯ ಪಿಂಚಣಿಗೆ ದಾರಿ ಇದೆ. ಎನ್‌ಪಿಎಸ್‌ನಲ್ಲಿರುವವರೂ, ಸಾವು ಅಥವಾ ಅಂಗವೈಕಲ್ಯದ ಸಂದರ್ಭದಲ್ಲಿ ನಿಧಿಯ ಬದಲು ಹಳೆಯ ನಿಯಮಗಳ ಪಿಂಚಣಿಯೇ ಬೇಕೆಂದು ಮೊದಲೇ ಆಯ್ಕೆಪತ್ರ ಕೊಟ್ಟಿರಬಹುದು. ಆ ಫಾರಂ ತುಂಬಿದ್ದೀರಾ ಎಂದು ಇವತ್ತೇ ಯೂನಿಟ್ಟಿಗೆ ಫೋನು ಮಾಡಿ ಕೇಳಿ. ಯಾರದೋ ಜುಲುಮೆಗೆ ಸಿಕ್ಕು ವಿಆರ್‌ಎಸ್ ಕಾಗದಕ್ಕೆ ಸಹಿ ಹಾಕಿದರೆ ಈ ದಾರಿ ಬಹಳ ಕಷ್ಟವಾಗುತ್ತದೆ. ಗಾಯವಾದ ದಿನದ ಕಾಗದ, ಆಸ್ಪತ್ರೆಯ ಕಾಗದ, ಕೋರ್ಟ್ ಆಫ್ ಎನ್‌ಕ್ವೈರಿಯ (ಪಡೆಯೊಳಗಿನ ವಿಚಾರಣೆ) ಪ್ರತಿ ಇವುಗಳನ್ನು ಜೀವದಂತೆ ಇಟ್ಟುಕೊಳ್ಳಿ.

ಮಿಲಿಟರಿಯವರಿಗೆ ಇರುವ ಮೀಸಲಾತಿ, ಕ್ಯಾಂಟೀನು, ಆಸ್ಪತ್ರೆ ನಮಗೂ ಉಂಟೇ?

ಊರಲ್ಲಿ ಎಲ್ಲರೂ ನಮ್ಮನ್ನು "ಮಿಲ್ಟ್ರಿಯವರು" ಅಂತಲೇ ಕರೆಯುತ್ತಾರೆ. ಕಾಗದದಲ್ಲಿ ನಾವು ಮಾಜಿ ಸೈನಿಕರಲ್ಲ. 2012ರ ನವೆಂಬರ್‌ನಲ್ಲಿ "ಮಾಜಿ ಸಿಎಪಿಎಫ್ ಸಿಬ್ಬಂದಿ" (ಸಿಎಪಿಎಫ್ ಅಂದರೆ ಕೇಂದ್ರ ಸಶಸ್ತ್ರ ಪೊಲೀಸ್ ಪಡೆ) ಎಂಬ ಹೆಸರು ಸಿಕ್ಕಿತು, ಮಾಜಿ ಸೈನಿಕರ ಮೀಸಲಾತಿ ಜೊತೆಗೆ ಬರಲಿಲ್ಲ. ಈ ಕೋಟಾ ಲೆಕ್ಕಕ್ಕೆ ಇಟ್ಟು ವಿಆರ್‌ಎಸ್ ಹಾಕಿ ಬಂದವರಿಗೆ ಅರ್ಜಿ ತುಂಬುವಾಗಲೇ ಗೊತ್ತಾಗುವುದು. ಕ್ಯಾಂಟೀನು ನಮಗೆ ಕೇಂದ್ರೀಯ ಪೊಲೀಸ್ ಕಲ್ಯಾಣ ಭಂಡಾರದ್ದು. ಚಿಕಿತ್ಸೆಗೆ ಪಿಂಚಣಿದಾರರಿಗೆ ಸಿಜಿಎಚ್‌ಎಸ್ (ಕೇಂದ್ರ ಸರ್ಕಾರದ ಆರೋಗ್ಯ ಯೋಜನೆ) ಇದೆ, ಅದರ ಕೇಂದ್ರಗಳು ಬೆಂಗಳೂರಿನಂಥ ಊರಲ್ಲಿ. ಹಳ್ಳಿಯಲ್ಲಿರುವವರು ಹೊರರೋಗಿ ಸೌಲಭ್ಯದ ಬದಲು ತಿಂಗಳಿಗೆ ₹1,000 ಸ್ಥಿರ ವೈದ್ಯಕೀಯ ಭತ್ಯೆ ಆರಿಸಿಕೊಳ್ಳಬಹುದು.

ಬೇರೆ ಕೆಲಸಕ್ಕೆ ಸೇರಿದರೆ ಪಿಂಚಣಿ ನಿಲ್ಲುತ್ತದೆಯೇ ಎಂದೂ ಕೇಳುತ್ತಾರೆ. ಖಾಸಗಿ ಕೆಲಸಕ್ಕೆ ಸೇರಿದರೆ ನಿಲ್ಲುವುದಿಲ್ಲ.

ಕರ್ನಾಟಕ ಪೊಲೀಸರಿಗೂ ಇದೇ ನಿಯಮವೇ?

ಅಲ್ಲ. ಅವರಿಗೆ ಕರ್ನಾಟಕ ಸೇವಾ ನಿಯಮಾವಳಿ, ಅಲ್ಲಿ ಹಳೆಯದು ಹೊಸದರ ಗೆರೆ 2006ರ ಏಪ್ರಿಲ್ 1. ಇಲ್ಲಿನ ಅಂಕಿಗಳನ್ನು ಅವರಿಗೆ ಹಚ್ಚಬೇಡಿ.

ಬಂದ ಮೇಲೆ ನನಗೇನಾದರೂ ಆದರೆ ಮನೆಯಾಕೆಗೆ?

ಹಳೆಯ ಪಿಂಚಣಿಯಲ್ಲಿ ಕುಟುಂಬ ಪಿಂಚಣಿ ಇದೆ. ಮೇಲಿನ ಲೆಕ್ಕದ ಹೆಡ್ ಕಾನ್‌ಸ್ಟೆಬಲ್ 45ಕ್ಕೆ ತೀರಿಕೊಂಡರೆ ಅವನ ಹೆಂಡತಿಗೆ ಏಳು ವರ್ಷ ₹20,200, ಆಮೇಲೆ ಮೂಲವೇತನದ 30 ಶೇಕಡಾ ಅಂದರೆ ₹12,120, ಎರಡರ ಮೇಲೂ ತುಟ್ಟಿಪರಿಹಾರ. ಅವನು ಕಮ್ಯುಟೇಶನ್ ಮಾಡಿಸಿದ್ದರೂ ಅದನ್ನು ಆಕೆಯ ಪಿಂಚಣಿಯಲ್ಲಿ ಹಿಡಿಯುವುದಿಲ್ಲ.

ಹಣಕ್ಕಿಂತ ದೊಡ್ಡ ತೊಡಕು ಹೆಸರಿನದ್ದು. ಒಬ್ಬಾಕೆ ಗಂಡ ಸತ್ತು ಹದಿನಾಲ್ಕು ತಿಂಗಳಾದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಸುತ್ತಿಕೊಂಡು ಬಂದಿದ್ದಳು. ಪಿಪಿಒದಲ್ಲಿ (ಪಿಂಚಣಿ ಪಾವತಿ ಆದೇಶ) ಆಕೆ ಲಕ್ಷ್ಮವ್ವ, ಆಧಾರದಲ್ಲಿ ಲಕ್ಷ್ಮೀಬಾಯಿ, ಬ್ಯಾಂಕಿನಲ್ಲಿ ಗಂಡನ ಮನೆಯವರು ಇಟ್ಟ ಮೂರನೆಯ ಹೆಸರು. ಹುಟ್ಟಿದ ವರ್ಷವೂ ಎರಡು ಥರ. "ಎಲ್ಲಾ ನಾನ ಅದೀನ್ರಿ ಅಣ್ಣಾರ" ಅಂತ ಅತ್ತಳು. ಎಲ್ಲವೂ ಆಕೆಯೇ ಎಂದು ಕಾಗದಕ್ಕೆ ಒಪ್ಪಿಸಲು ಅಫಿಡವಿಟ್ಟು, ಗ್ರಾಮ ಪಂಚಾಯ್ತಿ, ಗಂಡ ದುಡಿದ ಯೂನಿಟ್ಟು ಅಂತ ಇನ್ನೂ ಎಂಟು ತಿಂಗಳು ಓಡಾಡಿದೆವು. ಗಂಡ ಬದುಕಿದ್ದಾಗ, ಯೂನಿಟ್ಟಿನಲ್ಲೇ, ಒಂದು ಅರ್ಜಿಯಲ್ಲಿ ಮುಗಿಯುವ ಕೆಲಸ ಅದು.

ಆದ್ದರಿಂದ ನೋಟಿಸ್ ಕೊಡುವ ಮುಂಚಿನ ರಜೆಯಲ್ಲಿ ಮನೆಯಾಕೆಯ ಆಧಾರ್, ಪ್ಯಾನ್, ಬ್ಯಾಂಕ್ ಪುಸ್ತಕ ಮೂರನ್ನೂ ನೆಲದ ಮೇಲೆ ಪಕ್ಕ ಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ. ಸರ್ವಿಸ್ ಬುಕ್‌ನ ಕುಟುಂಬ ವಿವರದ ಪುಟದ ಫೋಟೊ ಮೊಬೈಲಿನಲ್ಲಿರಲಿ. ಜಂಟಿ ಖಾತೆ ತೆರೆಯಿರಿ. ಪಿಪಿಒ ಬಂದ ಮೇಲೆ ಅದರ ಒಂದು ಪ್ರತಿ ಆಕೆಯ ಟ್ರಂಕಿನಲ್ಲಿರಲಿ. ಪ್ರತಿ ನವೆಂಬರ್‌ನಲ್ಲಿ ಜೀವನ ಪ್ರಮಾಣಪತ್ರ ಕೊಡಲು ಹೋಗುವಾಗ ಒಂದು ಸಲವಾದರೂ ಆಕೆಯನ್ನೂ ಬ್ಯಾಂಕಿಗೆ ಕರೆದುಕೊಂಡು ಹೋಗಿ, ಯಾವ ಕಿಟಕಿ, ಯಾರನ್ನು ಕೇಳಬೇಕು ಎಂದು ತೋರಿಸಿ ಬನ್ನಿ.